ಡಿಗ್ರಿ ಕೆಮಿಸ್ಟ್ರಿ ಶುರುಮಾಡುವವರು ಮೊದಲು ಮೈಲುತುತ್ತಿನ ಲೆಕ್ಕ ಮಾಡಿ

ಕಾಸರಗೋಡಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟು ಮುಗಿಸಿ ಈಗ ಬಿಎಸ್ಸಿಗೆ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನೂ ಅದೇ ದಾರಿಯಲ್ಲಿ ಬಂದವನು. ಪುಸ್ತಕ ಇಂಗ್ಲಿಷ್, ಕ್ಲಾಸಿನ ವಿವರಣೆ ಅರ್ಧ ಮಲಯಾಳ, ತಲೆಯೊಳಗೆ ಓಡುವುದು ಕನ್ನಡ ಇಲ್ಲವೇ ತುಳು. ಹಾಗಾಗಿ ಮೊದಲ ತಿಂಗಳು ಭಾಷೆಯೇ ಕಷ್ಟ ಅಂತ ಅನಿಸುತ್ತದೆ. ಆದರೆ ನಾನು ನೋಡಿದಂತೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಮೋಲ್ ಲೆಕ್ಕದಲ್ಲಿ. ಅದು ಸರಿಯಾಗದಿದ್ದರೆ ಮುಂದಿನ ಪಾಠಗಳೆಲ್ಲ ಬಾಯಿಪಾಠವಾಗುತ್ತವೆ.

ಮೋಲ್ ಅಂದರೆ ಒಂದು ಎಣಿಕೆ, ಅಷ್ಟೇ. 6.022 × 10²³ ಕಣಗಳು. ಇಷ್ಟು ಸಣ್ಣ ಕಣಗಳನ್ನು ಎಣಿಸಲು ಆಗುವುದಿಲ್ಲ, ತೂಗಲು ಆಗುತ್ತದೆ. ಗ್ರಾಂನಲ್ಲಿರುವ ತೂಕವನ್ನು ಮೋಲಾರ್ ಮಾಸ್‌ನಿಂದ, ಅಂದರೆ ಒಂದು ಮೋಲಿನ ತೂಕದಿಂದ, ಭಾಗಿಸಿದರೆ ಎಷ್ಟು ಮೋಲ್ ಅಂತ ಸಿಗುತ್ತದೆ. ಇದನ್ನು ಪುಸ್ತಕದ ಲೆಕ್ಕದಲ್ಲಿ ಕಲಿಯುವ ಮೊದಲು ತೋಟದ ಲೆಕ್ಕದಲ್ಲಿ ಕಲಿಯಿರಿ.

ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡುತ್ತಾರಲ್ವಾ? ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್. ಅದರ ಮೋಲಾರ್ ಮಾಸ್ ಸುಮಾರು 249.7 ಗ್ರಾಂ. 1000ವನ್ನು 249.7ರಿಂದ ಭಾಗಿಸಿ. ಸುಮಾರು 4 ಮೋಲ್. ನೂರು ಲೀಟರಿನಲ್ಲಿ 4 ಮೋಲ್ ಅಂದರೆ ಲೀಟರಿಗೆ 0.04 ಮೋಲ್. ಮೊಲಾರಿಟಿ ಎಂಬ ಹೊಸ ಪದ ಅಂದರೆ ಇಷ್ಟೇ.

ಇಲ್ಲೇ ಒಂದು ತಪ್ಪು ಆಗುತ್ತದೆ, ಪರೀಕ್ಷೆಯಲ್ಲೂ ಇದೇ ತಪ್ಪು. ಕೆಲವರು 159.6ರಿಂದ ಭಾಗಿಸಿ 6.27 ಮೋಲ್ ಅಂತ ಬರೆಯುತ್ತಾರೆ. ಅದು ನೀರಿಲ್ಲದ ಬಿಳಿ ಪುಡಿಯ ಲೆಕ್ಕ. ನೀಲಿ ಹರಳಿನೊಳಗೆ ಒಂದೊಂದು ಕಾಪರ್ ಸಲ್ಫೇಟಿನ ಜೊತೆ ಐದು ನೀರಿನ ಅಣು ಕೂತಿರುತ್ತದೆ. ನೀವು ಅಂಗಡಿಯಿಂದ ತಂದ ಒಂದು ಕಿಲೋದಲ್ಲಿ ಸುಮಾರು 360 ಗ್ರಾಂ ನೀರೇ! ಲ್ಯಾಬಿನಲ್ಲಿ ಆ ಹರಳನ್ನು ಬಿಸಿಮಾಡಿ ಬಣ್ಣ ಹೋಗುವುದನ್ನು ಒಮ್ಮೆ ಕಣ್ಣಾರೆ ನೋಡಿ, ಮತ್ತೆ ಮರೆಯುವುದಿಲ್ಲ.

ಈಗ ಸುಣ್ಣ. ನೀರು ಹಾಕಿದರೆ ಕುದಿದು ಅರಳುವ ಸುಟ್ಟ ಸುಣ್ಣದ ಮೋಲಾರ್ ಮಾಸ್ 56. ಅದು ಶುದ್ಧ ಅಂತ ಇಟ್ಟುಕೊಂಡರೆ ಒಂದು ಕಿಲೋ ಅಂದರೆ ಹತ್ತಿರಹತ್ತಿರ 18 ಮೋಲ್. ತೂಕ ಸಮ, ಎಣಿಕೆ ನಾಲ್ಕು ಪಾಲಿಗಿಂತ ಜಾಸ್ತಿ. ಮೋಲ್ ಯಾಕೆ ಬೇಕು ಅಂತ ಇನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಸುಣ್ಣ ಸಾಕಾಯಿತೋ ಇಲ್ಲವೋ ಅಂತ ನೋಡಲು ಹಿರಿಯರು ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತಾಮ್ರ. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರದ ಅಯಾನಿಗೆ ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿದೆ, ತಾನು ಕರಗಿದೆ. ಶಾಲೆಯಲ್ಲಿ ಉತ್ಕರ್ಷಣ, ಅಪಕರ್ಷಣ ಅಂತ ಕಲಿತದ್ದು ಇದನ್ನೇ. ಈಗ ಆಕ್ಸಿಡೇಶನ್, ರಿಡಕ್ಷನ್ ಅನ್ನುತ್ತಾರೆ. ಕಬ್ಬಿಣ ಕೊಟ್ಟಿತು, ಅದು ಆಕ್ಸಿಡೇಶನ್. ತಾಮ್ರ ತೆಗೆದುಕೊಂಡಿತು, ಅದು ರಿಡಕ್ಷನ್.

ಭಾಷೆಗೆ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಶಾಲೆಯ ಕನ್ನಡ ಪದ, ಕೆಳಗೆ ನಿಮ್ಮದೇ ಒಂದು ಉದಾಹರಣೆ. ದಿನಕ್ಕೆ ಐದು ಪದ ಸಾಕು. ಆಟಂ ಪರಮಾಣು, ಮಾಲಿಕ್ಯೂಲ್ ಅಣು. ಇದೆರಡು ಅದಲುಬದಲಾದರೆ ಇಡೀ ಉತ್ತರ ಹೋಗುತ್ತದೆ, ಜೋಪಾನ. ಕಬ್ಬಿಣಕ್ಕೆ ಎಫ್‌ಇ, ಸೋಡಿಯಂಗೆ ಎನ್‌ಎ ಯಾಕೆ ಅಂತ ಗೊಂದಲ ಬೇಡ. ಫೆರಮ್, ನೇಟ್ರಿಯಂ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದದ್ದು.

ಲೆಕ್ಕ ಮಾಡುವಾಗ ಪ್ರತಿ ಸಾಲಿನಲ್ಲೂ ಯೂನಿಟ್ ಬರೆಯಿರಿ. ಗ್ರಾಂ, ಮೋಲ್, ಲೀಟರ್, ಯಾವುದನ್ನೂ ಬಿಡಬೇಡಿ. ಕೊನೆಗೆ ಮೋಲ್ ಬರಬೇಕಾದಲ್ಲಿ ಗ್ರಾಂ ಉಳಿದರೆ ಎಲ್ಲೋ ಎಡವಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಬಿಡಿಸಿದ ಲೆಕ್ಕವನ್ನು ಸುಮ್ನೆ ಓದಿದರೆ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪುಸ್ತಕ ಮುಚ್ಚಿ ಅದೇ ಲೆಕ್ಕವನ್ನು ಬರೆಯಲು ಕೂತಾಗಲೇ ಎಲ್ಲಿ ಗೊತ್ತಿಲ್ಲ ಅಂತ ತಿಳಿಯುವುದು. ಕ್ಲಾಸ್ ಆದ ದಿನ ರಾತ್ರಿಯೇ ಮಾಡಿ, ವಾರದ ಕೊನೆಗೆ ಇಡಬೇಡಿ.

ಲ್ಯಾಬಿನಲ್ಲಿ ಟೈಟ್ರೇಶನ್ ಶುರುವಿನಲ್ಲೇ ಬರುತ್ತದೆ, ಅಂದರೆ ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರಲ್ಲಿ ಎಷ್ಟು ಮೋಲ್ ಇದೆ ಅಂತ ಅಳೆಯುವುದು. ಹನಿ ಬಿಡುವ ಬ್ಯುರೆಟ್ಟನ್ನೂ ಅಳೆದು ಹಾಕುವ ಪಿಪೆಟ್ಟನ್ನೂ ಅದಕ್ಕೆ ಹಾಕುವ ದ್ರಾವಣದಿಂದಲೇ ಕೊನೆಯ ಸಲ ತೊಳೆಯಬೇಕು. ಆದರೆ ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ನೀರಿನಿಂದ. ಮೊದಲೆರಡರಲ್ಲಿ ನೀರು ಉಳಿದರೆ ದ್ರಾವಣ ತೆಳುವಾಗುತ್ತದೆ. ಫ್ಲಾಸ್ಕಿನಲ್ಲಿ ನೀರಿದ್ದರೆ ತೊಂದರೆ ಇಲ್ಲ, ಪಿಪೆಟ್ಟಿನಿಂದ ಬಿದ್ದ ಮೋಲ್ ಅಷ್ಟೇ ಇರುತ್ತದಲ್ವಾ. ಇಲ್ಲೂ ಅದೇ ಎಣಿಕೆ. ಬ್ಯುರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುವಾಗ, ಆಮ್ಲಕ್ಕೆ ಫಿನಾಲ್ಫ್ತಲೀನ್ ಎಂಬ ಬಣ್ಣದ ಸೂಚಕ ಹಾಕಿದ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ಬಣ್ಣ ಮಾಸಿದರೂ ಇನ್ನೊಂದು ಹನಿ ಬಿಡಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಆ ಬಣ್ಣವನ್ನು ತೆಗೆದದ್ದು.