‘ರನ್’ ಕಲಿಸಲು ಹೋಗಿ ಕೈ ಸುಟ್ಟುಕೊಂಡ ಮೇಲೆ

‘ಸರ್, ಮೈ ನೋಸ್ ಈಸ್ ಲೀಕಿಂಗ್. ಇವತ್ತು ಕ್ಲಾಸಿಗೆ ಬರುವುದಿಲ್ಲ.’

ಜುಲೈ ಮಳೆಯಲ್ಲಿ ಬಂದ ಫೋನ್ ಇದು. ಹಿಂದಿನ ವಾರವಷ್ಟೇ ಅದೇ ಹುಡುಗ ಇಂಗ್ಲಿಷಿನ ‘ರನ್’ (ಓಡು) ಶಬ್ದದ 32 ಅರ್ಥ ಗಿಣಿಪಾಠ ಒಪ್ಪಿಸಿದ್ದ. ಅದರಲ್ಲಿ ಮೂಗು ಸೋರುವುದೂ ಇತ್ತು!

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಮಾಳಿಗೆಯ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಹತ್ತು ಹನ್ನೊಂದು ವರ್ಷ ಆಗಿರಬಹುದು. ನೀವೂ ಪಾಠ ಮಾಡುವವರಾದರೆ ಗೊತ್ತಲ್ಲ, ಕಾಟ ಕೊಡುವುದು ದೊಡ್ಡ ಶಬ್ದಗಳಲ್ಲ, ಮೂರಕ್ಷರದ ಪುಟಾಣಿಗಳು. ಆಕ್ಸ್‌ಫರ್ಡಿನ ದೊಡ್ಡ ಡಿಕ್ಷನರಿಯವರು ಕ್ರಿಯಾಪದ ‘ರನ್’ ಒಂದಕ್ಕೇ 645 ಅರ್ಥ ಎಣಿಸಿದ್ದಾರೆ. ಅದರಲ್ಲಿ 32 ಆರಿಸಿ ಕಿರುಪುಸ್ತಕ ಮಾಡಿಸಿದೆ. 300 ಪ್ರತಿ, ಸುಮಾರು 12 ಸಾವಿರ. ಮಾರಾಟವಾದದ್ದು ನಲವತ್ತು ಇರಬೇಕು. ಉಳಿದವು ಕೆಳಗಿನ ನೆಲಗಡಲೆಯವನಿಗೆ ಪೊಟ್ಟಣ ಕಟ್ಟಲು ಹೋದವು. ಆಮೇಲೆ ಚಿತ್ರದ ಕಾರ್ಡು, ಲ್ಯಾಮಿನೇಶನ್, ಮತ್ತೆ 1,800. ನಮ್ಮ ಮಳೆಗಾಲ ಗೊತ್ತುಂಟಲ್ಲ? ಅಂಚಿನಿಂದ ತೇವ ನುಗ್ಗಿ ಎರಡೇ ತಿಂಗಳಲ್ಲಿ ಕಾರ್ಡಿನೊಳಗೆ ಬೂಷ್ಟು.

ತಪ್ಪು ಎಲ್ಲಿ ಅಂತ ಹೊಳೆದದ್ದು ಆ ಫೋನಿನಿಂದ. ಮಾಡು ಸೋರಿದರೆ ಲೀಕ್, ಹಾಗಾದರೆ ಮೂಗು ಸೋರಿದರೂ ಲೀಕ್. ಅವನ ಲೆಕ್ಕ ಸರಿಯೇ ಅಲ್ವಾ? ನಾನು ‘ರನ್’ನಿಂದ ಹೊರಟು ಕನ್ನಡಕ್ಕೆ ಬರುತ್ತಿದ್ದೆ. ಅವನು ಕನ್ನಡದಿಂದ ಹೊರಡುತ್ತಿದ್ದ.

ಮುಂದಿನ ಬ್ಯಾಚಿಗೆ ಬೋರ್ಡಿನಲ್ಲಿ ‘ರನ್’ ಬರೆಯಲೇ ಇಲ್ಲ. ‘ಹಾಕು’ ಬರೆದೆ. ಬೀಗ ಹಾಕು, ಲೈಟ್ ಹಾಕು, ಅಂಗಿ ಹಾಕು, ಸಹಿ ಹಾಕು, ಲೆಕ್ಕ ಹಾಕು. ಹತ್ತು ನಿಮಿಷದಲ್ಲಿ ಮೂವತ್ತು ದಾಟಿತು. ಒಬ್ಬಳು ತುಳುವಿನ ‘ಪಾಡ್’ ಕೂಡ ಹೀಗೇ ಅಂತ ಶುರು ಮಾಡಿ, ಅರ್ಧ ಗಂಟೆ ತುಳುವಿನಲ್ಲೇ ಹೋಯಿತು. ಇದನ್ನೆಲ್ಲ ನಿಮಗೆ ಕಲಿಸಿದ್ದು ಯಾರು ಅಂತ ಕೇಳಿದೆ. ಎಲ್ಲ ಮುಖ ಮುಖ ನೋಡಿಕೊಂಡರು.

ಆಮೇಲೆ ಚೀಟಿ. ಹೋಟೆಲು, ನಳ್ಳಿ, ಮೂಗು, ಹೊಸ ಸೀರೆಯ ಬಣ್ಣ, ಗ್ಯಾಸ್. ಕನ್ನಡದಲ್ಲಿ ಅವರೇ ಹೇಳಬೇಕು. ಹೋಟೆಲು ನಡೆಸುತ್ತೇವೆ, ನಳ್ಳಿಯಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಬಣ್ಣ ಬಿಡುತ್ತದೆ, ಗ್ಯಾಸ್ ಮುಗಿಯುತ್ತದೆ. ಐದಕ್ಕೂ ‘ರನ್’ ಸಾಕು ಅಂತ ಕೊನೆಗೆ ಬಾಯಿಬಿಟ್ಟೆ. ಗ್ಯಾಸಿಗೆ ಮಾತ್ರ ಬಾಲಕ್ಕೆ ‘ಔಟ್’ ಬೇಕು. ನಡುವೆ ಒಂದು ಮೋಸದ ಚೀಟಿ: ‘ತಲೆ ಓಡುವುದಿಲ್ಲ’. ಇಲ್ಲಿ ಕನ್ನಡದಲ್ಲಿ ಓಟ ಉಂಟು, ಇಂಗ್ಲಿಷಿನಲ್ಲಿ ಇಲ್ಲ. ಚುನಾವಣೆಯ ಚೀಟಿಗೆ ಜಾಸ್ತಿ ಗಲಾಟೆ. ನಾವು ನಿಲ್ಲುತ್ತೇವೆ, ಬ್ರಿಟಿಷರೂ ನಿಲ್ಲುತ್ತಾರೆ, ಅಮೆರಿಕದವರು ಓಡುತ್ತಾರೆ!

ಚೀಟಿಗಳನ್ನು ಯಾವ ಕ್ರಮದಲ್ಲಿ ಕೊಡುವುದು, ಮೂರನೇ ದಿನ ಯಾವ ಆಟ ಆಡಿಸುವುದು, ಅದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇರುವುದು.

‘ಡಿಕ್ಷನರಿ ಇಲ್ಲದೆ ಇಂಗ್ಲಿಷಾ? ಎಂತ ಮಾರಾಯ್ರೇ’ ಅಂತ ಮಂಗಳೂರಿನಲ್ಲಿ ಕ್ಲಾಸು ನಡೆಸುವ ಸ್ನೇಹಿತರೊಬ್ಬರು ನಕ್ಕಿದ್ದರು. ಎರಡು ತಿಂಗಳ ನಂತರ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ತಡವರಿಸದೆ ಹೇಳಿದರು. ಚೀಟಿಯ ಖರ್ಚು? ಹಳೆ ಕ್ಯಾಲೆಂಡರಿನ ಹಿಂಬದಿ, ಒಂದು ಮಾರ್ಕರ್, 30 ರೂಪಾಯಿ.

ಅದೇ ಹುರುಪಿನಲ್ಲಿ ‘ಸೆಟ್’ಗೆ ಕೈ ಹಾಕಿದೆ. 1989ರ ಆಕ್ಸ್‌ಫರ್ಡ್ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಅದರದ್ದೇ. ಮಲ್ಪೆಯಲ್ಲಿ ಸೂರ್ಯ ಮುಳುಗುವುದು, ಕಾಂಕ್ರೀಟ್ ಗಟ್ಟಿಯಾಗುವುದು, ಎಲ್ಲ ಚೀಟಿ ರೆಡಿ ಇತ್ತು. ಶಬ್ದ ಹೇಳಿದ್ದೇ ತಡ, ಹಿಂದಿನಿಂದ ಒಬ್ಬ ‘ದೋಸೆ ಸರ್!’ ಅಂತ ಕೂಗಿದ. ಸಂಜೆ ಆರೂವರೆ, ಎಲ್ಲರಿಗೂ ಹಸಿವು. ಆ ದಿನದ ಪಾಠ ಹೋಟೆಲಿನಲ್ಲೇ ಮುಗಿಯಿತು. ಬಿಲ್ಲು ನನ್ನದು.