ಹುಲಿ ಹುಲ್ಲು ತಿನ್ನತದೇನು?

ಕಲಘಟಗಿ ತಾಲೂಕಿನಲ್ಲಿ, ಕಾಡಿಗೆ ಹತ್ತಿಕೊಂಡಿರುವ ನಮ್ಮ 4 ಎಕರೆ ಬೀಳು ಹೊಲದಲ್ಲಿ ಲಂಟಾನ ಎಂಬ ಕಳೆಪೊದೆ ಕಿತ್ತು ಹುಲ್ಲು ಬೆಳೆಸುತ್ತೇನೆ ಅಂದಾಗ ಕಾಕಾ ನಕ್ಕರು. "ಹುಲಿ ಸಲುವಾಗಿ ಅಂತೀಯಲ್ಲೋ ತಮ್ಮಾ, ಹುಲಿ ಹುಲ್ಲು ತಿನ್ನತದೇನು?"

ತಿನ್ನೋದಿಲ್ಲ. ಆದರೆ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಆ ಜಿಂಕೆ, ಕಾಡೆಮ್ಮೆಗೆ ಬೇಕಾದದ್ದು ಹುಲ್ಲು. ದಾಂಡೇಲಿ-ಅಣಶಿ ಕಾಡು 2007ರಲ್ಲೇ ಹುಲಿ ಸಂರಕ್ಷಿತ ಪ್ರದೇಶ ಆಯಿತು, ನಿಜ. ಆದರೆ ಜಿಂಕೆಗೆ ಗಡಿಕಲ್ಲು ಗೊತ್ತಿಲ್ಲ, ಮೇವಿದ್ದಲ್ಲಿ ಬರುತ್ತೆ.

ಮೊದಲ ವರ್ಷ ಜೆಸಿಬಿ ಹಚ್ಚಿದೆ. 16-17 ಸಾವಿರ ಹೋಯಿತು. ಮಿರಗದ ಮಳೆ ಬಿದ್ದದ್ದೇ ತಡ, ಕೆದರಿದ ಮಣ್ಣಲ್ಲಿದ್ದ ಬೀಜವೆಲ್ಲ ಎದ್ದವು. ಮೇಲೆ ಕಾಂಗ್ರೆಸ್ ಕಸ ಬೇರೆ. ಮರುವರ್ಷ ಕೊಡ್ಲಿಯಿಂದ ಕಡಿಸಿ ಸುಟ್ಟೆ. ಒಂದೊಂದು ಬುಡಕ್ಕೆ ಏಳೆಂಟು ಚಿಗುರು! ಅದಕ್ಕೆ ಇನ್ನೊಂದು 9 ಸಾವಿರ. ಈ ಲೆಕ್ಕ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಮೂರನೇ ಸಲ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡದ ವಿಧಾನ ಹಿಡಿದೆ. ಅಗೆಯೋದು ಕಡಿಮೆ. ಒಬ್ಬ ಕವೆಗೋಲಿನಿಂದ ಪೊದೆ ಒತ್ತಿ ಹಿಡೀಬೇಕು. ಇನ್ನೊಬ್ಬ ಪಿಕಾಸಿಯ ಅಗಲ ಬಾಯಿಂದ ಬುಡದ ಗಂಟಿನ ಕೆಳಗೆ, ಮೂರ್ನಾಲ್ಕು ಬೆರಳು ಆಳದಲ್ಲಿ, ತಾಯಿಬೇರಿಗೆ ಹೊಡೀಬೇಕು. ಆಮೇಲೆ ಗಿಡ ತಲೆಕೆಳಗು, ಬೇರು ಬಿಸಿಲಿಗೆ. ಹಣ್ಣಾಗುವ ಮೊದಲೇ ಮುಗಿಸಬೇಕು. ಮೊದಲ ದಿನ ಇಬ್ಬರು ಸೇರಿ 30 ಗಿಡ ಕಿತ್ತರೆ ಹೆಚ್ಚು. ವಾರ ಕಳೆಯೋದರಲ್ಲಿ ದಿನಕ್ಕೆ ನೂರು ದಾಟಿತು. ಕೂಲಿ 40 ಸಾವಿರದ ಹತ್ತಿರ. ಎಮ್ಮೆ ಮಾರಿದ ದುಡ್ಡು ಅದು.

ನಾನು ಎಡವಿದ್ದು ಮತ್ತಿ ಮರದ ಕೆಳಗೆ. ಪಿಕಳಾರ ಹಕ್ಕಿಗಳು ಕಾಡಂಚಿನ ಲಂಟಾನದ ಕಪ್ಪು ಹಣ್ಣು ತಿಂದು ಅದೇ ಮರದಲ್ಲಿ ಕೂತು ಹಿಕ್ಕೆ ಹಾಕುತ್ತವೆ. ಮಳೆಯಾದರೆ ಅಲ್ಲಿ ಚಾಪೆ ಹಾಸಿದ ಹಾಗೆ ಸಸಿ. ಬೆರಳಲ್ಲೇ ಚಿವುಟಿ ಕಿತ್ತೆ. ಅದರ ಘಾಟು ವಾಸನೆ ರೊಟ್ಟಿ ತಿನ್ನುವಾಗಲೂ ಕೈ ಬಿಡಲಿಲ್ಲ. ವರ್ಷಕ್ಕೆ ಮೂರು ಸಲ ಅಲ್ಲಿ ಹೋಗಿ ಕೂರಲೇಬೇಕು.

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕೋಲಲ್ಲಿ ಕುರ್ಚಿ ಮಾಡುತ್ತಾರೆ, ಅಲ್ವಾ? ನಾನೂ ಕೋಲು ಬೇಯಿಸಿ, ಸಿಪ್ಪೆ ಸುಲಿದು ಒಂದು ಸ್ಟೂಲ್ ಮಾಡಿದೆ. ಮೂರು ಕಾಲು ನೆಲಕ್ಕೆ, ಒಂದು ಗಾಳಿಗೆ. ಈಗ ಅದರ ಮೇಲೆ ಕೋಳಿ ಕೂರುತ್ತೆ.

ಹುಲ್ಲಿನ ಬೀಜ ಗುಡ್ಡದಿಂದಲೇ ತಂದೆ. ಸೆಗಣಿಯಲ್ಲಿ ಕಲಸಿ ಎರಚಿದೆ. ಜೊತೆಗೆ ಇನ್ನೊಂದು ಸೇರಿಸುತ್ತೇನೆ, ಅದೇನಂತ ಹೊಲಕ್ಕೆ ಬಂದವರಿಗೆ ಮಾತ್ರ ಹೇಳೋದು.

ಈ ದೀಪಾವಳಿಗೆ ಹುಲ್ಲು ಮೊಣಕಾಲು ಮಟ್ಟ. ನಾಲ್ಕು ರಾತ್ರಿ ಕ್ಯಾಮೆರಾ ಕಟ್ಟಿದೆ. ಹನ್ನೊಂದೋ ಹನ್ನೆರಡೋ ಚುಕ್ಕಿ ಜಿಂಕೆ, ಒಂದು ಕಾಡೆಮ್ಮೆ. ಹುಲಿ ಬಂದಿಲ್ಲ. ಕಾಕಾನ ತಕರಾರು ಈಗ ಬೇರೆ. ಜಿಂಕೆಗಳು ಅವರ ಗೋವಿನಜೋಳಕ್ಕೂ ನುಗ್ಗಿವೆ. ದಿನಾ ಬೆಳಿಗ್ಗೆ ಬಂದು ಕೇಳುತ್ತಾರೆ, "ನಿನ್ನ ಹುಲಿ ಯಾವಾಗ ಬರ್ತದೋ?"