ಜೋಡಿ ಫೋಟಾನ್‌ಗಳ ಅಳತೆ: ಮಂಗಳೂರಿನ ಮಳೆಗಾಲದ ಒಂದು ಪ್ರಯೋಗ

ಮಂಗಳೂರಿನಲ್ಲಿ, ಕಡಲಿಗೆ ಹತ್ತಿರವಿರುವ ನಮ್ಮ ಪ್ರಯೋಗಾಲಯದ ಇಂಟರ್‌ಫೆರೋಮೀಟರಿನಲ್ಲಿ ಮೊದಲು ಬಳಸುತ್ತಿದ್ದುದು ಸಾಮಾನ್ಯ ಲೇಸರ್ ಬೆಳಕನ್ನೇ. ಬೆಳಕನ್ನು ಎರಡು ದಾರಿಗಳಲ್ಲಿ ಕಳುಹಿಸಿ ಮತ್ತೆ ಕೂಡಿಸಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟಿಗಳಿಂದ ಆ ದಾರಿಗಳ ಉದ್ದದ ವ್ಯತ್ಯಾಸವನ್ನು ಅಳೆಯುತ್ತೇವೆ. ಆದರೆ ಲೇಸರಿನ ಬೆಳಕಿನ ಕಣಗಳಾದ ಫೋಟಾನ್‌ಗಳು ಹಂಚಿನ ಮೇಲೆ ಬೀಳುವ ಮಳೆಹನಿಗಳಂತೆ ಒಂದರ ಹಂಗಿಲ್ಲದೆ ಇನ್ನೊಂದು ಬರುವುದರಿಂದ ಎಣಿಕೆಯಲ್ಲಿ ಏರಿಳಿತ ಇದ್ದೇ ಇರುತ್ತದೆ. ದೋಷವನ್ನು ಹತ್ತನೇ ಒಂದಕ್ಕೆ ಇಳಿಸಬೇಕಾದರೆ ನೂರು ಪಟ್ಟು ಫೋಟಾನ್‌ಗಳು ಬೇಕು. ಜೋಡಿ ಫೋಟಾನ್‌ಗಳಿಂದ ಈ ಮಿತಿಯನ್ನು ದಾಟಬಹುದೇ ಎಂಬುದನ್ನು ಕೈಯಾರೆ ಮಾಡಿ ನೋಡಬೇಕೆನಿಸಿತು.

405 ನ್ಯಾನೊಮೀಟರಿನ ನೇರಳೆ ಲೇಸರನ್ನು ಬಿಬಿಒ (ಬೇರಿಯಂ ಬೋರೇಟ್) ಹರಳಿನಲ್ಲಿ ಹಾಯಿಸಿದರೆ, ಬಹಳ ಅಪರೂಪಕ್ಕೆ ಒಂದು ಫೋಟಾನ್ 810 ನ್ಯಾನೊಮೀಟರಿನ ಎರಡು ಫೋಟಾನ್‌ಗಳಾಗುತ್ತದೆ. ಅವೆರಡೂ ಬೆಳಕನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರನ್ನು ಒಂದೇ ಕ್ಷಣದಲ್ಲಿ ಮುಟ್ಟಿದರೆ ಜೊತೆಯಾಗಿ ಒಂದೇ ಬದಿಯಿಂದ ಹೊರಡುತ್ತವೆ. 1987ರಲ್ಲಿ ಹಾಂಗ್, ಔ ಮತ್ತು ಮ್ಯಾಂಡೆಲ್ ತೋರಿಸಿದ ಪರಿಣಾಮವಿದು. ಆ ಕ್ಷಣವನ್ನು ಹುಡುಕುವುದರಲ್ಲೇ ನಮ್ಮ ಹೆಚ್ಚಿನ ದಿನಗಳು ಕಳೆದವು. 10 ನ್ಯಾನೊಮೀಟರ್ ಅಗಲದ ಫಿಲ್ಟರ್ ಹಾಕಿದ್ದರಿಂದ ಎರಡು ದಾರಿಗಳ ಉದ್ದ ಸುಮಾರು 65 ಮೈಕ್ರಾನಿನೊಳಗೆ, ಅಂದರೆ ಒಂದು ಕೂದಲೆಳೆಯ ದಪ್ಪದಷ್ಟರೊಳಗೆ, ಹೊಂದಬೇಕಿತ್ತು. ಪ್ರಿಸಮ್ಮನ್ನು ಹತ್ತು ಮೈಕ್ರಾನಿನಷ್ಟು ಸರಿಸಿ, ಹತ್ತು ಸೆಕೆಂಡು ಎಣಿಸಿ, ಬರೆದುಕೊಂಡು ಮತ್ತೆ ಸರಿಸುತ್ತಿದ್ದೆವು. ಒಂದು ಸಂಜೆ ಜೋಡಿ ಎಣಿಕೆ, ಅಂದರೆ ಎರಡೂ ಬದಿಗಳಲ್ಲಿ ಒಟ್ಟಿಗೆ ಫೋಟಾನ್ ಸಿಗುವ ಸಲಗಳ ಎಣಿಕೆ, ಇಳಿಯತೊಡಗಿದಾಗ ನಂಬಿಕೆಯಾಗದೆ, ಹಿಂದಕ್ಕೆ ಸರಿಸಿ ಮೂರು ಬಾರಿ ಅಳೆದೆ. ಮೂರು ಬಾರಿಯೂ ಅದೇ ಜಾಗದಲ್ಲಿ ಇಳಿಯಿತು.

ಆಟಿ ತಿಂಗಳ ಮಳೆಯಲ್ಲಿ ಒಂದು ಪೆಟ್ಟು ಬಿತ್ತು. ಬಿಬಿಒ ಗಾಳಿಯ ತೇವವನ್ನು ಹೀರುವ ಹರಳು. ಶನಿವಾರ ಅದನ್ನು ಡಬ್ಬಿಯಲ್ಲಿಡದೆ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದೆ. ಸೋಮವಾರ ಟಾರ್ಚ್ ಹಿಡಿದು ನೋಡಿದರೆ ಮೈಮೇಲೆ ಹಾಲಿನ ಕೆನೆಯಂಥ ತೆಳು ಪೊರೆ ಕಟ್ಟಿತ್ತು, ಜೋಡಿಗಳ ಎಣಿಕೆಯೂ ಕುಸಿದಿತ್ತು. ಆ ಹರಳು ಮತ್ತೆ ಮೊದಲಿನಂತಾಗಲಿಲ್ಲ, ಬೇರೆಯದನ್ನು ತರಿಸಬೇಕಾಯಿತು.

ಹೊಸ ಹರಳು ಬಂದ ಮೇಲೆ ಜೋಡಿಗಳ ಪಟ್ಟಿಗಳು 810ರ ಬದಲು 405 ನ್ಯಾನೊಮೀಟರಿಗೊಮ್ಮೆ ಮರುಕಳಿಸುವುದನ್ನು ಕಂಡೆವು. ಆದರೆ ಪಟ್ಟಿ ಕಿರಿದಾದ ಮಾತ್ರಕ್ಕೆ ನಿಖರತೆ ಹೆಚ್ಚಿತೆಂದು ಹೇಳುವುದು ತಪ್ಪು, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ನಿಖರತೆ ಹೆಚ್ಚಲು ಪಟ್ಟಿಗಳ ಸ್ಪಷ್ಟತೆ, ಅಂದರೆ ಅವುಗಳ ಏರುತಗ್ಗುಗಳ ನಡುವಿನ ವ್ಯತ್ಯಾಸ, ಶೇಕಡಾ 71ನ್ನು ಮೀರಿರಬೇಕು; ನಮ್ಮದು ಮೀರಿತ್ತು. ಆದರೂ ಅದು ಪತ್ತೆಯಾದ ಜೋಡಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗಿನ ಮಾತು. ನಮ್ಮ ಸಿಲಿಕಾನ್ ಡಿಟೆಕ್ಟರು ನೂರರಲ್ಲಿ ಸುಮಾರು ಅರವತ್ತು ಫೋಟಾನ್‌ಗಳನ್ನು ಹಿಡಿಯುತ್ತದೆ, ಅಂದರೆ ಜೋಡಿಯ ಎರಡೂ ಸಿಗುವುದು ನೂರರಲ್ಲಿ ಮೂವತ್ತಾರು ಸಲ ಮಾತ್ರ. ಹಾದುಹೋದ ಎಲ್ಲ ಫೋಟಾನ್‌ಗಳನ್ನೂ ಸೇರಿಸಿದರೆ ಗೆಲ್ಲುವುದು ಸಾಮಾನ್ಯ ಲೇಸರೇ.

ನಷ್ಟದ ಈ ಲೆಕ್ಕ ದೊಡ್ಡ ಉಪಕರಣಗಳನ್ನೂ ಬಿಟ್ಟಿಲ್ಲ. 1981ರಲ್ಲಿ ಭೌತವಿಜ್ಞಾನಿ ಕಾರ್ಲ್‌ಟನ್ ಕೇವ್ಸ್ ಸೂಚಿಸಿದ, ಅಳತೆಗೆ ಅಡ್ಡಬರುವ ಏರಿಳಿತವನ್ನು ತಗ್ಗಿಸಿದ ಸ್ಕ್ವೀಜ್ಡ್ ಬೆಳಕನ್ನು, ಗುರುತ್ವ ಅಲೆಗಳನ್ನು ಪತ್ತೆಹಚ್ಚುವ ಲೈಗೊ 2019ರಿಂದ ತನ್ನ ವೀಕ್ಷಣೆಗಳಲ್ಲಿ ಬಳಸುತ್ತಿದೆ. ಅಂಥ ಬೆಳಕಿನ ಗದ್ದಲ (ಏರಿಳಿತ) 10 ಡೆಸಿಬೆಲ್, ಅಂದರೆ ಹತ್ತನೇ ಒಂದಕ್ಕೆ, ತಗ್ಗಿದ್ದರೂ ದಾರಿಯಲ್ಲಿ ಹತ್ತನೇ ಒಂದು ಪಾಲು ಬೆಳಕು ಕಳೆದುಹೋದರೆ ಉಳಿಯುವ ಲಾಭ ಸುಮಾರು 7 ಡೆಸಿಬೆಲ್ ಮಾತ್ರ.

ಆದ್ದರಿಂದ ಈಗ ನಾವು ಕನ್ನಡಿ, ಲೆನ್ಸ್, ಫೈಬರ್‌ಗಳಲ್ಲಿ ಒಂದೊಂದರ ನಷ್ಟವನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಡುತ್ತಿದ್ದೇವೆ. ಹರಳನ್ನು ದಿನವೂ ಸಂಜೆ ಸಿಲಿಕಾ ಜೆಲ್ ಇರುವ ಡಬ್ಬಿಗೆ ನಾನೇ ಹಾಕುತ್ತೇನೆ.